ಹೊಲದಡಿಯ ಹಳೆಯ ಬಸಿಗಾಲುವೆ: ಗುರುತಿಸಿ ದಾಖಲಿಸುವ ಸಮಗ್ರ ಮಾರ್ಗದರ್ಶಿ

ಹೊಲದಲ್ಲಿ ನಿಂತ ನೀರನ್ನು ಹೊರಗೆ ಕಳೆಯುವ ಕಾಲುವೆಯೇ ಬಸಿಗಾಲುವೆ. ಮುಚ್ಚಿಹೋದ ಹಳೆಯ ಬಸಿಗಾಲುವೆ ಸಿಕ್ಕಿದೆ ಎಂದು ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಫೋಟೊ ಕಳುಹಿಸುವವರಿಗೆ ಕೊರತೆಯಿಲ್ಲ. ತೆರೆದು ನೋಡಿದರೆ ಒಂದು ಕುಡಿಯುವ ನೀರಿನ ಪೈಪಿಗೆ ತೋಡಿದ ಸಾಲು, ಇನ್ನೊಂದು ಸವೆದ ಬಂಡಿ ದಾರಿ, ಮತ್ತೊಂದು ಕೆರೆಯಿಂದ ಗದ್ದೆಗೆ ನೀರು ತಂದ ಕಾಲುವೆ. ನಿಜವಾದ ಬಸಿಗಾಲುವೆ ಸಿಕ್ಕವರೂ ಇದ್ದಾರೆ. ಅವರು ಮಾಡಿದ ಮೊದಲ ಕೆಲಸವೆಂದರೆ ಗುದ್ದಲಿ ತಂದು ಅಗೆದದ್ದು. ಅಲ್ಲಿಗೆ ಸಾಕ್ಷ್ಯವೂ ಮುಗಿಯಿತು.

ಎಲ್ಲರ ತಪ್ಪಿನ ಬೇರು ಒಂದೇ: ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳುವ ಮೊದಲೇ ತಗ್ಗು ಎಲ್ಲಿದೆ ಎಂದು ಹುಡುಕುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಬೇಕು.

## ಬೇಕಾಗುವ ಸಾಮಗ್ರಿ

ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಕನಿಷ್ಠ 15 ಮೀಟರ್. ಒಂದೊಂದು ಮೀಟರಿನ ಎರಡು ಅಳತೆ ಕೋಲು. 30 ಮೀಟರಿನ ಟೇಪು, ಗ್ರಾಫ್ ಹಾಳೆ, ಪೆನ್ಸಿಲ್, ಒಂದು ಕರಣಿ, ನೀರು ಸಿಂಪಡಿಸುವ ಬಾಟಲಿ, ಜಿಪಿಎಸ್ ಇರುವ ಮೊಬೈಲ್. ಗುದ್ದಲಿ, ಹಾರೆ, ಲೋಹಶೋಧಕ ಯಂತ್ರ ಬೇಡ. ಲೋಹಶೋಧಕ ಹಿಡಿದು ಹೊಲದಲ್ಲಿ ನಿಂತವರನ್ನು ಊರಿನವರು ನಿಧಿ ಹುಡುಕುವವರೆಂದೇ ತಿಳಿಯುತ್ತಾರೆ, ಆಮೇಲೆ ಏನು ಹೇಳಿದರೂ ಯಾರೂ ನಂಬುವುದಿಲ್ಲ.

ಹೊಲದ ಮಾಲೀಕರ ಒಪ್ಪಿಗೆ ಮೊದಲು ಪಡೆಯಿರಿ. ಸನ್ನತಿ, ಬೀದರ್ ಕೋಟೆ, ಕಲಬುರಗಿ ಕೋಟೆಯಂಥ ಸಂರಕ್ಷಿತ ನೆಲೆಗಳಲ್ಲಿ ಮಾಲೀಕರ ಮಾತು ಸಾಲದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಅಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.

## ಹಂತ 1: ಜೌಗು ಎಲ್ಲಿ ಆಗುತ್ತಿತ್ತು?

ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಜೌಗು ಎಲ್ಲಿಯದು ಎಂದು ನಗುವವರಿದ್ದಾರೆ. ಅವರು ಶಹಾಪುರ, ಸುರಪುರ ತಾಲ್ಲೂಕಿನ ಸವಳು–ಜವಳು ಭೂಮಿ ನೋಡಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಕೆಟ್ಟ ನೆಲ ಅದು. ಆದರೆ ನಮಗೆ ಬೇಕಾದದ್ದು ಅದಕ್ಕಿಂತ ಹಳೆಯ ಜೌಗು. ಅದನ್ನು ಮೂರು ಜಾಗಗಳಲ್ಲಿ ಹುಡುಕಬೇಕು.

ಮೊದಲನೆಯದು ಹಳೆಯ ಕೆರೆಯ ಏರಿಯ ಕೆಳಬದಿ. ಏರಿಯೊಳಗಿನಿಂದ ನೀರು ಜಿನುಗುತ್ತಲೇ ಇರುತ್ತದೆ, ಅದನ್ನು ಹೊರಗೆ ಕಳುಹಿಸದೆ ಏರಿಯ ಬುಡದ ಗದ್ದೆ ಮಾಡಲಾಗದು. ಬಸಿಗಾಲುವೆ ಸಿಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವುದು ಇಲ್ಲಿಯೇ. ಎರಡನೆಯದು ಭೀಮಾ, ಕಾಗಿಣಾ ನದಿಗಳ ದಂಡೆಯ ಹಿಂದಿರುವ ತಗ್ಗು. ನದಿ ತನ್ನ ದಂಡೆಯನ್ನು ತಾನೇ ಎತ್ತರಿಸಿಕೊಂಡಿರುತ್ತದೆ, ಹಿಂದಿನ ಹೊಲದ ನೀರಿಗೆ ನದಿಗೆ ಸೇರಲು ದಾರಿಯೇ ಇರುವುದಿಲ್ಲ. ಮೂರನೆಯದು ಒರತೆಯ ಸಾಲು: ಹುಣಸಗಿ ಕಣಿವೆಯಲ್ಲಿರುವಂತೆ ಗುಡ್ಡದ ಬುಡದಲ್ಲಿ, ಅಥವಾ ಬೀದರಿನಂತೆ ಜಂಬಿಟ್ಟಿಗೆ ಕಲ್ಲಿನ ಅಂಚಿನಲ್ಲಿ ನೀರು ಹೊರಬೀಳುವ ಕಡೆ.

ನೀವು ಕಂಡ ಸಾಲು ಈ ಮೂರರಲ್ಲಿ ಎಲ್ಲಿಯೂ ಇಲ್ಲದೆ ಮಡ್ಡಿ ಭೂಮಿಯ ನೆತ್ತಿಯ ಮೇಲೆ ಇದ್ದರೆ ಅದು ಬಸಿಗಾಲುವೆಯಲ್ಲ. ಮುಂದಿನ ಹಂತಕ್ಕೆ ಹೋಗುವ ಶ್ರಮವನ್ನು ಉಳಿಸಿಕೊಳ್ಳಿ.

## ಹಂತ 2: ಕಾಗದ ನೋಡುವುದು

ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ ಮತ್ತು ಆ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ಮೂಲ ದಾಖಲೆ) ಪಡೆಯಿರಿ. ಹೊಲದಲ್ಲಿ ನಿಂತು ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಸಾಕು. ಪಹಣಿಯಲ್ಲಿ ಖರಾಬಿನ ಕಲಮು ನೋಡಿ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಉಪಯೋಗದ್ದು. ಇವತ್ತು ಸಮತಟ್ಟಾಗಿ ಉಳುಮೆಯಾಗಿರುವ ಹೊಲದ ನಡುವೆ ಒಂದೆರಡು ಗುಂಟೆ ‘ಬ’ ಖರಾಬು ಉದ್ದಕ್ಕೆ ದಾಖಲಾಗಿದ್ದರೆ ಕಿವಿ ನಿಮಿರಬೇಕು. ಅಳತೆ ಮಾಡಿದ ಕಾಲಕ್ಕೆ ಅಲ್ಲಿ ನೀರಿನ ದಾರಿಯೋ ಕಾಲುದಾರಿಯೋ ಇತ್ತು ಎಂದರ್ಥ. ಎರಡರಲ್ಲಿ ಯಾವುದು ಎಂಬುದನ್ನು ಕಾಗದ ಹೇಳುವುದಿಲ್ಲ, ನೆಲ ಹೇಳುತ್ತದೆ.

ನಮ್ಮ ಮೂರೂ ಜಿಲ್ಲೆಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದುದರಿಂದ ಹಳೆಯ ದಾಖಲೆ ಉರ್ದುವಿನಲ್ಲಿ ಇರುತ್ತದೆ. ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾಲಾ, ತಲಾಬ್, ಷಿಕಂ ಎಂಬ ಪದಗಳು ಕಂಡರೆ ಗುರುತು ಮಾಡಿಕೊಳ್ಳಲು ಹೇಳಿ. ನಾಲಾ ಎಂದರೆ ಹಳ್ಳ, ತಲಾಬ್ ಎಂದರೆ ಕೆರೆ, ಷಿಕಂ ಎಂದರೆ ಕೆರೆಯ ಅಂಗಳದ ಭೂಮಿ.

ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕ್ಷೆಗಳಲ್ಲಿ ಕಲಬುರಗಿ ನಗರ 56 ಸಿ, ಬೀದರ್ 56 ಜಿ, ಯಾದಗಿರಿ 56 ಎಚ್, ಸುರಪುರ 56 ಡಿ ಹಾಳೆಗಳಲ್ಲಿ ಬರುತ್ತವೆ. ಹಳ್ಳಗಳ ದಿಕ್ಕು ತಿಳಿಯಲು ಇವು ಒಳ್ಳೆಯವು. ಆದರೆ ಎರಡು ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ನಡುವೆ 20 ಮೀಟರ್ ಅಂತರವಿರುವ ನಕ್ಷೆಯಲ್ಲಿ ಒಂದು ಮೊಳ ಆಳದ ಕಾಲುವೆಯನ್ನು ಹುಡುಕಬೇಡಿ. ಉಚಿತವಾಗಿ ಸಿಗುವ ಉಪಗ್ರಹದ ಎತ್ತರದ ಮಾಹಿತಿಗೂ ಇದೇ ಮಾತು: ಅದರ ತಪ್ಪೇ ಕೆಲವು ಮೀಟರ್ ಇರುತ್ತದೆ.

## ಹಂತ 3: ಸರಿಯಾದ ದಿನ ಹೊಲಕ್ಕೆ ಹೋಗುವುದು

ಗೂಗಲ್ ಅರ್ಥ್ ಮತ್ತು ಇಸ್ರೋದ ನಕ್ಷೆ ತಾಣ ಭುವನ್‌ನಲ್ಲಿ ಬೇರೆ ಬೇರೆ ವರ್ಷದ, ಬೇರೆ ಬೇರೆ ತಿಂಗಳ ಚಿತ್ರಗಳನ್ನು ತೆರೆದು ನೋಡಿ. ಒಂದೇ ಚಿತ್ರದಲ್ಲಿ ಕಂಡ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಬೇರೆ ವರ್ಷಗಳಲ್ಲಿ, ಎರಡು ಬೇರೆ ಬೆಳೆಗಳಲ್ಲಿ ಅದೇ ಜಾಗದಲ್ಲಿ ಗೆರೆ ಕಂಡರೆ ಮಾತ್ರ ನಡೆಯಲು ಹೊರಡಿ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ಒಂದೇ ಮುಚ್ಚಿದ ಕಾಲುವೆ ಎರಡು ಹಂಗಾಮಿನಲ್ಲಿ ಎರಡು ತದ್ವಿರುದ್ಧ ಗುರುತು ಕೊಡುತ್ತದೆ. ಮುಂಗಾರು ಜೋರಾದ ವರ್ಷ ತೊಗರಿ ಹಾಕಿದ್ದರೆ ಕಾಲುವೆಯ ಮೇಲಿನ ಸಾಲು ಹಳದಿಯಾಗಿ ಸೊರಗುತ್ತದೆ, ಏಕೆಂದರೆ ಅಲ್ಲಿ ತುಂಬಿದ ನುಣುಪು ಮಣ್ಣು ನೀರು ಹಿಡಿಯುತ್ತದೆ ಮತ್ತು ತೊಗರಿಯ ಬೇರು ನಿಂತ ನೀರನ್ನು ತಾಳುವುದಿಲ್ಲ. ಅದೇ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿದರೆ ಅದೇ ಸಾಲು ಸುತ್ತಲಿನದಕ್ಕಿಂತ ಹಸಿರಾಗಿ, ಒಂದು ಗೇಣು ಎತ್ತರವಾಗಿ ನಿಲ್ಲುತ್ತದೆ, ಏಕೆಂದರೆ ಒಣ ಹವೆಯಲ್ಲಿ ಆ ತೇವವೇ ಅದಕ್ಕೆ ಆಸರೆ. ಹೀಗೆ ತಿರುವುಮುರುವಾಗುವ ಸಾಲು ಒಳ್ಳೆಯ ಲಕ್ಷಣ. ಎಲ್ಲ ಹಂಗಾಮಿನಲ್ಲಿಯೂ ಬಡಕಲಾಗಿಯೇ ಇರುವ ಸಾಲಿನ ಕೆಳಗೆ ಕಲ್ಲೋ ಗರಸೋ ಇರಬಹುದು.

ನಡೆಯಲು ಒಳ್ಳೆಯ ದಿನಗಳು ಮೂರು: ಬಿತ್ತನೆಗೆ ಮುಂಚಿನ ದೊಡ್ಡ ಮಳೆಯಾದ ಎರಡು ಮೂರು ದಿನಕ್ಕೆ (ಸುತ್ತಲಿನ ಮಣ್ಣು ಆರಿ ಸಾಲು ಮಾತ್ರ ಕಪ್ಪಾಗಿ ಉಳಿದಿರುವಾಗ), ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಾಗ, ಮತ್ತು ಕೊಯ್ಲಾದ ಮೇಲೆ ಬೆಳಗಿನ ಓರೆ ಬಿಸಿಲಿನಲ್ಲಿ. ನಡು ಮಧ್ಯಾಹ್ನ ಹೋಗಿ ಏನೂ ಕಾಣಲಿಲ್ಲ ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ.

ಜೇಕು, ಆಪು ಬೆಳೆದಿರುವ ಕಡೆ, ಈಚಲು ಗಿಡಗಳು ಸಾಲಾಗಿ ನಿಂತ ಕಡೆ, ನೆಲದ ಮೇಲೆ ಬಿಳಿ ಉಪ್ಪು ಉಕ್ಕಿದ ಕಡೆ ಗುರುತು ಮಾಡಿಕೊಳ್ಳಿ. ಬಳ್ಳಾರಿ ಜಾಲಿಯನ್ನು ನಂಬಬೇಡಿ. ಅದು ಎಲ್ಲಿ ಬೇಕಾದರೂ ಬೆಳೆಯುತ್ತದೆ, ಮುಳ್ಳಿನ ಒಳಗೆ ಹಾವೂ ಇರುತ್ತದೆ.

ಊರ ಹಿರಿಯರನ್ನು ಮಾತನಾಡಿಸುವಾಗ “ಇಲ್ಲಿ ಹಳೆಯ ಕಾಲುವೆ ಇತ್ತೇ?” ಎಂದು ಕೇಳಬೇಡಿ. ನಿಮ್ಮನ್ನು ಮೆಚ್ಚಿಸಲು ಹೌದು ಎನ್ನುತ್ತಾರೆ. “ಕಾಕಾ, ಮಳೆ ಜೋರಾದರೆ ನಿಮ್ಮ ಹೊಲದ ನೀರು ಯಾರ ಹೊಲಕ್ಕೆ ನುಗ್ಗುತ್ತದೆ?” ಎಂದು ಕೇಳಿ. ಅಲ್ಲಿಂದ ಬದುವಿನ ಜಗಳ, ಅಜ್ಜನ ಕಾಲದ ಪಂಚಾಯಿತಿ, ಯಾರು ಯಾವಾಗ ಕಾಲುವೆ ಮುಚ್ಚಿ ಎರಡು ಸಾಲು ಹೆಚ್ಚು ಬಿತ್ತಿದರು ಎಂಬುದೆಲ್ಲ ಹೊರಗೆ ಬರುತ್ತದೆ. ಹೊಲದ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಆಮೇಲೆ ಅದೇ ಊರಿನ ನಾಲ್ವರನ್ನು ಬೇರೆ ಬೇರೆಯಾಗಿ ಇನ್ನೊಂದು ಪ್ರಶ್ನೆ ಕೇಳಿ: ಈ ಹೊಲದಲ್ಲಿ ಉದ್ಯೋಗ ಖಾತ್ರಿ ಕೆಲಸ, ಬರಗಾಲ ಕಾಮಗಾರಿ, ಪೈಪು, ಕೇಬಲ್ಲು, ಏನಾದರೂ ನಡೆದಿತ್ತೇ? ಈ ಪ್ರಶ್ನೆ ಕೇಳದೆ ಸುರಪುರ ತಾಲ್ಲೂಕಿನ ಒಂದು ಊರಿನ ಹಿಂದೆ 400 ಮೀಟರ್ ಉದ್ದದ ‘ಪುರಾತನ’ ಸಾಲನ್ನು ಎರಡು ದಿನ ಅಳೆದವನು ನಾನೇ. ಮೂರನೆಯ ದಿನ ಅದರ ತುದಿಯಲ್ಲಿ ವಾಲ್ವಿನ ತೊಟ್ಟಿ ಸಿಕ್ಕಿತು.

## ಹಂತ 4: ನೀರು ತಂದದ್ದೋ, ನೀರು ಕಳೆದದ್ದೋ?

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನೀರಾವರಿ ಕಾಲುವೆಗೂ ಬಸಿಗಾಲುವೆಗೂ ಮೇಲ್ನೋಟಕ್ಕೆ ವ್ಯತ್ಯಾಸವಿಲ್ಲ, ಎರಡೂ ಉದ್ದನೆಯ ತಗ್ಗುಗಳೇ. ಆದರೆ ಅವುಗಳ ಸ್ವಭಾವ ಉಲ್ಟಾ.

ನೀರು ತರುವ ಕಾಲುವೆ ಎತ್ತರದ ಅಂಚನ್ನು ಹಿಡಿದು ಹೋಗುತ್ತದೆ, ಇಲ್ಲದಿದ್ದರೆ ಹೊಲಕ್ಕೆ ನೀರು ಹರಿಯದು. ನೀರು ಕಳೆಯುವ ಕಾಲುವೆ ತಗ್ಗನ್ನು ಹಿಡಿಯುತ್ತದೆ. ತರುವ ಕಾಲುವೆ ಹಂಚುತ್ತ ಹೋದಂತೆ ಕಿರಿದಾಗುತ್ತದೆ. ಕಳೆಯುವ ಕಾಲುವೆ ಕೂಡಿಸಿಕೊಳ್ಳುತ್ತ ಹೋದಂತೆ ಅಗಲವಾಗುತ್ತದೆ. ತರುವುದರಲ್ಲಿ ಕವಲುಗಳು ಕೆಳಗೆ ಹೋದಂತೆ ಒಡೆಯುತ್ತವೆ, ಕಳೆಯುವುದರಲ್ಲಿ ಕವಲುಗಳು ಕೆಳಗೆ ಹೋದಂತೆ ಸೇರುತ್ತವೆ. ತರುವುದರ ತಲೆಯಲ್ಲಿ ತೂಬು ಇರುತ್ತದೆ, ಬಾಲ ಹೊಲದಲ್ಲಿ ಕರಗುತ್ತದೆ. ಕಳೆಯುವುದರ ತಲೆ ಹೊಲದಲ್ಲಿ ಗೊತ್ತೇ ಆಗದಂತೆ ಶುರುವಾಗುತ್ತದೆ, ಬಾಲ ಹಳ್ಳಕ್ಕೆ ಬೀಳುತ್ತದೆ.

ಆದ್ದರಿಂದ ಸಾಲಿನ ನಡುವೆ ನಿಂತು ತೀರ್ಪು ಕೊಡಬೇಡಿ. ಎರಡೂ ತುದಿಗೆ ನಡೆದು ನೋಡಿ, ಮೂರು ಕಡೆ ಅಗಲ ಅಳೆಯಿರಿ. ಮೇಲಿನ ಲಕ್ಷಣಗಳಲ್ಲಿ ಮೂರಾದರೂ ಒಂದೇ ಕಡೆ ವಾಲಬೇಕು.

ಎರಡು ಎಚ್ಚರಿಕೆ. ಕೆರೆಯ ಕೋಡಿಯಿಂದ ಹೊರಟ ಕಾಲುವೆ ತುಂಬಿದ ಕೆರೆಯ ಹೆಚ್ಚುವರಿ ನೀರನ್ನು ಹಳ್ಳಕ್ಕೆ ಸಾಗಿಸುವಂಥದ್ದು. ಅದನ್ನು ಹೊಲದ ಬಸಿಗಾಲುವೆಯೊಂದಿಗೆ ಬೆರೆಸಬೇಡಿ, ಬೇರೆಯಾಗಿಯೇ ಬರೆಯಿರಿ. ಇನ್ನು ಮೇಲಿನ ಗದ್ದೆಯ ಬಸಿನೀರೇ ಕೆಳಗಿನ ಗದ್ದೆಗೆ ನೀರಾವರಿಯಾಗಿರುವ ಊರುಗಳಿವೆ. ಅಲ್ಲಿ ಒಂದೇ ಕಾಲುವೆ ಎರಡೂ ಕೆಲಸ ಮಾಡಿರುತ್ತದೆ. ಅದನ್ನು ಒಂದೇ ಹೆಸರಿಗೆ ಬಗ್ಗಿಸುವ ಅಗತ್ಯವಿಲ್ಲ.

## ಹಂತ 5: ಮಟ್ಟ ಹಿಡಿಯುವುದು

ಪೈಪಿಗೆ ನೀರು ತುಂಬಿಸಿ ಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಒಂದು ಗುಳ್ಳೆ ಇಡೀ ದಿನದ ಲೆಕ್ಕ ಕೆಡಿಸುತ್ತದೆ. ಇಬ್ಬರು 10 ಮೀಟರ್ ಅಂತರದಲ್ಲಿ ನಿಂತು, ತಮ್ಮ ಕೋಲಿನಲ್ಲಿ ನೆಲದಿಂದ ನೀರಿನ ಮಟ್ಟದವರೆಗಿನ ಎತ್ತರ ಓದಿ. ಹೆಚ್ಚು ಓದು ಬಂದ ಕಡೆ ನೆಲ ತಗ್ಗು. ಮೇಲಿನವರು 62 ಸೆಂಟಿಮೀಟರ್, ಕೆಳಗಿನವರು 64 ಓದಿದರೆ 10 ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು, ಅಂದರೆ 500ಕ್ಕೆ 1. ಹೀಗೆ ಸಾಲಿನುದ್ದಕ್ಕೂ ಹೋಗಿ, ವಾಪಸು ಬರುವಾಗ ಮತ್ತೊಮ್ಮೆ ಓದಿ. ಹೋದ ಲೆಕ್ಕ ಬಂದ ಲೆಕ್ಕಕ್ಕೆ ತಾಳೆಯಾಗದಿದ್ದರೆ ಎರಡನ್ನೂ ಬಿಟ್ಟು ಹೊಸದಾಗಿ ಅಳೆಯಿರಿ.

ಬಸಿಗಾಲುವೆ ಒಂದೇ ದಿಕ್ಕಿಗೆ ಇಳಿಯಬೇಕು. 200 ಮೀಟರ್ ಹೋದರೂ ಮಟ್ಟ ಬದಲಾಗದೆ ಇಳಿಜಾರಿಗೆ ಅಡ್ಡ ಮಲಗಿರುವ ಸಾಲು ಮಣ್ಣು ಸಂರಕ್ಷಣೆಗೆ ಹಾಕಿದ ಸಮಪಾತಳಿ ಒಡ್ಡಿನ ಗುಂಡಿ. ಏರಿ ಇಳಿದು ಗುಡ್ಡ ಹತ್ತಿ ಹೋಗುವ ನೇರ ಸಾಲು ಪೈಪಿನದು. ನೀರು ಏರು ಹತ್ತುವುದಿಲ್ಲ ಎಂಬುದನ್ನು ಮರೆಯುವವರು ವಿದ್ಯಾವಂತರಲ್ಲಿಯೇ ಹೆಚ್ಚು.

ಒಂದು ಮಿತಿಯಿದೆ. ನೀವು ಅಳೆದದ್ದು ಇವತ್ತಿನ ನೆಲದ ಇಳಿಜಾರು, ಮುಚ್ಚಿಹೋದ ಕಾಲುವೆಯ ತಳದ ಇಳಿಜಾರಲ್ಲ. ತಳದ ಲೆಕ್ಕ ಬೇಕಾದರೆ ಸೀಳಿದ ಮಗ್ಗುಲು ಎರಡು ಕಡೆಯಾದರೂ ಸಿಗಬೇಕು.

## ಹಂತ 6: ಸೀಳಿದ ಮಗ್ಗುಲನ್ನು ಓದುವುದು

ಅಗೆಯಬೇಡಿ ಎಂದೆ, ಅಗೆಯುವ ಅಗತ್ಯವೂ ಇಲ್ಲ. ಕೃಷಿ ಹೊಂಡ, ಹೊಸ ಬಾವಿ, ರಸ್ತೆಯ ಬದಿಯ ಚರಂಡಿ, ಪ್ರವಾಹಕ್ಕೆ ಕುಸಿದ ಹಳ್ಳದ ದಂಡೆ ಇವೆಲ್ಲ ನಮಗಾಗಿ ಯಾರೋ ಅಗೆದುಕೊಟ್ಟ ಹಾಗೆ. 2020ರ ಅಕ್ಟೋಬರಿನಲ್ಲಿ ಬಂದಂಥ ಭೀಮಾ ಪ್ರವಾಹ ಇಳಿದ ಮೇಲೆ ಕೆಲವು ವಾರ ದಂಡೆಗಳು ಹೊಸದಾಗಿ ಕತ್ತರಿಸಿದಂತಿರುತ್ತವೆ. ನದಿ ಬದಿಯ ತಗ್ಗಿನಲ್ಲಿ ಪ್ರವಾಹದ ಹೂಳು ಹಳೆಯ ಕಾಲುವೆಯನ್ನು ಆಳದಲ್ಲಿ ಹೂತಿರುತ್ತದೆ. ಮೇಲೆ ಯಾವ ಗುರುತೂ ಇರುವುದಿಲ್ಲ, ದಂಡೆ ಕುಸಿದಾಗಲೇ ಅದು ಕಾಣುವುದು.

ಜೀವಕ್ಕಿಂತ ಮಗ್ಗುಲು ದೊಡ್ಡದಲ್ಲ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಹಲಗೆಯಂತೆ ಕಳಚಿ ಬೀಳುತ್ತದೆ. ಎದೆಮಟ್ಟಕ್ಕಿಂತ ಆಳದ ಹೊಂಡದ ಗೋಡೆಯ ಬುಡದಲ್ಲಿ ಕುಳಿತುಕೊಳ್ಳಬೇಡಿ, ಒಬ್ಬರೇ ಹೋಗಬೇಡಿ.

ಸಡಿಲ ಮಣ್ಣನ್ನು ಮಾತ್ರ ಕರಣಿಯಿಂದ ಮೇಲಿನಿಂದ ಕೆಳಗೆ ಕೆರೆದು, ನೀರು ಸಿಂಪಡಿಸಿ. ಬಣ್ಣಗಳು ಬಿಡಿಸಿಕೊಳ್ಳುತ್ತವೆ. ಮೊದಲು ಫೋಟೊ, ನಂತರ ಅಡ್ಡದಾರ ಕಟ್ಟಿ 10ಕ್ಕೆ 1ರ ಅಳತೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಚಿತ್ರ. ಫೋಟೊ ಇದೆಯಲ್ಲ ಎಂದು ಚಿತ್ರ ಬಿಡುವವರು ಪದರದ ಅಂಚನ್ನು ಕಣ್ಣಾರೆ ನೋಡದೆ ಮನೆಗೆ ಹೋಗಿರುತ್ತಾರೆ.

ಏನು ಕಾಣಬೇಕು? ಕೆಳಗಿನ ಹಳದಿ ಗರಸನ್ನೋ ಸುಣ್ಣದ ಹರಳಿನ ಪದರವನ್ನೋ ಕತ್ತರಿಸಿ ಇಳಿದ ಬೋಗುಣಿಯಾಕಾರ. ಅದರ ತಳದಲ್ಲಿ ಕಾಗದದಷ್ಟು ತೆಳುವಾದ ಹೂಳಿನ ಪದರಗಳು. ಬೂದು ಬಣ್ಣದ ಜೇಡಿಯಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು, ಅಂದರೆ ಅಲ್ಲಿ ನೀರು ನಿಂತು ಆರಿ ಮತ್ತೆ ನಿಂತಿದೆ. ಸಿಹಿನೀರಿನ ಸಣ್ಣ ಬಸವನ ಹುಳುವಿನ ಚಿಪ್ಪುಗಳು. ಒಂದು ಬೋಗುಣಿಯೊಳಗೆ ಇನ್ನೊಂದು ಚಿಕ್ಕ ಬೋಗುಣಿ ಕಂಡರೆ ಹೂಳು ತೆಗೆದು ಮತ್ತೆ ತೋಡಿದ್ದಾರೆ ಎಂದರ್ಥ. ಮನುಷ್ಯರ ಕೈಯ ಕೆಲಸಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಮಗ್ಗುಲಲ್ಲಿ ಎತ್ತಿ ಹಾಕಿದ ಮಣ್ಣಿನ ದಿಬ್ಬ ಉಳಿದಿದ್ದರೆ ಅದರ ಅಡಿಯ ಹಳೆಯ ನೆಲದ ಗೆರೆಯನ್ನು ತಪ್ಪದೆ ಬರೆಯಿರಿ. ಉರುಟು ಕಲ್ಲು, ಓರೆ ಮರಳಿನ ಪದರ, ಒಂದು ಕಡೆ ಕಡಿದು ಇನ್ನೊಂದು ಕಡೆ ಇಳಿಜಾರಾದ ಬದಿ ಇದ್ದರೆ ಅದು ದಿಕ್ಕು ಬದಲಿಸಿದ ಹಳ್ಳವಿರಬೇಕು.

ಎರೆ ಭೂಮಿಯ ದೊಡ್ಡ ಮೋಸ ಇನ್ನೂ ಬಾಕಿಯಿದೆ. ಬೇಸಿಗೆಯ ಬಿರುಕಿನಲ್ಲಿ ಮೇಲ್ಮಣ್ಣು ಸುರಿದು ಕಪ್ಪು ನಾಲಿಗೆಗಳು ಕೆಳಗಿಳಿದಿರುತ್ತವೆ. ಅವು ಕಾಲುವೆಯ ಅಂಚಿನಂತೆಯೇ ಕಾಣುತ್ತವೆ. ಕೆಳಗೆ ಹೋದಂತೆ ಮೊಳೆಯ ಹಾಗೆ ಚೂಪಾಗಿ, ಗೋಡೆಯುದ್ದಕ್ಕೂ ಮತ್ತೆ ಮತ್ತೆ ಬಂದರೆ ಅದು ಬಿರುಕು. ಎಣ್ಣೆ ಸವರಿದಂತೆ ಹೊಳೆಯುವ ಓರೆಯ ನುಣುಪು ಮುಖಗಳೂ ಕಾಣುತ್ತವೆ. ಅವು ಸಲಿಕೆಯ ಗುರುತಲ್ಲ, ಉಬ್ಬಿ ಕುಗ್ಗುವ ಮಣ್ಣು ತನ್ನ ಮೇಲೆ ತಾನೇ ಜಾರಿದ ಗುರುತು.

## ಹಂತ 7: ಕಾಲ ಹೇಳುವ ಆತುರ

ತಳದಲ್ಲಿ ಮಡಕೆ ಚೂರು ಸಿಕ್ಕಿತು, ಆದ್ದರಿಂದ ಕಾಲುವೆ ಆ ಮಡಕೆಯ ಕಾಲದ್ದು ಎನ್ನುವ ಮಾತಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ಬಳಕೆಯಲ್ಲಿದ್ದ ಕಾಲುವೆಯ ಹೂಳನ್ನು ಆಗಾಗ ತೆಗೆಯುತ್ತಾರೆ. ಉಳಿದಿರುವ ಹೂಳು ಕಾಲುವೆ ತೋಡಿದ ಕಾಲವನ್ನಲ್ಲ, ತೆಗೆಯುವುದನ್ನು ನಿಲ್ಲಿಸಿದ ಕಾಲವನ್ನು ತೋರಿಸುತ್ತದೆ. ಎರಡನೆಯದು ನಮ್ಮ ಮಣ್ಣಿನದೇ ತೊಡಕು. ಬೇರೆ ಮಣ್ಣಿನಲ್ಲಿ ತಳದ ಚೂರು ‘ಹೂಳು ಇದಕ್ಕಿಂತ ಹಿಂದಿನದಲ್ಲ’ ಎಂದಾದರೂ ಹೇಳುತ್ತದೆ. ಎರೆಯಲ್ಲಿ ನಿನ್ನೆ ಒಡೆದ ಮಡಕೆಯ ಚೂರೂ ಬಿರುಕಿನಲ್ಲಿ ಒಂದು ಮೀಟರ್ ಇಳಿದು ಕುಳಿತಿರಬಹುದು. ಚೂರು ತೆಳು ಪದರಗಳ ನಡುವೆ ಚಪ್ಪಟೆ ಮಲಗಿದೆಯೇ, ಬಿರುಕಿನ ನಾಲಿಗೆಯಲ್ಲಿ ನೆಟ್ಟಗೆ ನಿಂತಿದೆಯೇ ಎಂದು ನೋಡಿ. ನೆಟ್ಟಗಿದ್ದರೆ ಅದರ ಮಾತು ಕೇಳಬೇಡಿ. ಎರಡೂ ಸಂದರ್ಭದಲ್ಲಿ ಚೂರನ್ನು ಕೀಳದೆ, ಇದ್ದಲ್ಲೇ ಅಳತೆಯೊಂದಿಗೆ ಫೋಟೊ ತೆಗೆಯಿರಿ.

ಹೊರದೇಶದ ಉದಾಹರಣೆಗಳನ್ನು ಓದಿ ಹೋಲಿಸುವವರಿಗೂ ಒಂದು ಮಾತು. ಪಪುವಾ ನ್ಯೂಗಿನಿಯ ಕುಕ್ ಎಂಬಲ್ಲಿ ಜೌಗಿನ ನೀರು ಬಸಿಯಲು ತೋಡಿದ ಕಾಲುವೆಗಳಿವೆ, 2008ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಜ್ವಾಲಾಮುಖಿಯ ಬೂದಿಯ ಪದರಗಳು ಒಂದೊಂದು ಕಾಲುವೆಯ ಹಿಂದುಮುಂದನ್ನು ಹೇಳುತ್ತವೆ. ಯುರೋಪಿನ ಜೌಗು ಪ್ರದೇಶಗಳಲ್ಲಿ ಸದಾ ನೆನೆದ ಮಣ್ಣಿನಲ್ಲಿ ಮರದ ಗೂಟಗಳು ಸಾವಿರಾರು ವರ್ಷ ಕೆಡದೆ ಉಳಿಯುತ್ತವೆ. ನಮ್ಮ ಹೊಲದಲ್ಲಿ ಅಂಥ ಬೂದಿಯ ಪದರವನ್ನು ಕಾಯಬೇಡಿ, ನೆನೆದು ಒಣಗುವ ಮಣ್ಣಿನಲ್ಲಿ ಮರವೂ ಉಳಿಯದು. ನಮಗೆ ಸಿಗುವುದು ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮ ಮಾತ್ರ: ಕಾಲುವೆ ಕೆರೆಯ ಏರಿಯ ಕೆಳಗೆ ಹಾದುಹೋಗಿದ್ದರೆ ಏರಿಗಿಂತ ಹಳೆಯದು, ಏರಿಯ ಬುಡವನ್ನು ಕತ್ತರಿಸಿದ್ದರೆ ಹೊಸದು. ಏರಿಗೆ ಶಾಸನವಿದ್ದರೆ ನಿಮ್ಮ ಪುಣ್ಯ.

## ಹಂತ 8: ಬೀದರಿನವರಿಗೆ ಪ್ರತ್ಯೇಕ

ಬೀದರಿನ ಪ್ರಸ್ಥಭೂಮಿಯಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲು, ಕೆಳಗೆ ಕಪ್ಪು ಬಸಾಲ್ಟ್ ಶಿಲೆ. ಮೇಲಿನದು ನೀರು ಕುಡಿಯುತ್ತದೆ, ಕೆಳಗಿನದು ಅಷ್ಟಾಗಿ ಬಿಡುವುದಿಲ್ಲ, ನಡುವಿನ ಸಂದಿಯಲ್ಲಿ ಒರತೆ ಹೊರಡುತ್ತದೆ. ಬಹಮನಿಗಳ ಕಾಲದ ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಇದೇ ಅಂತರ್ಜಲವನ್ನು ಇಳಿಜಾರಿನ ಸುರಂಗದಿಂದ ಬಸಿದು ತರುತ್ತದೆ. ಕೆಲಸ ಬಸಿಗಾಲುವೆಯದೇ, ಉದ್ದೇಶ ಮಾತ್ರ ಕುಡಿಯುವ ನೀರು ಮತ್ತು ನೀರಾವರಿ.

ಇಂಥ ಸುರಂಗದ ಗುರುತು ಉದ್ದನೆಯ ತಗ್ಗಲ್ಲ, ಒಂದೇ ಗೆರೆಯಲ್ಲಿ ಅಂತರ ಬಿಟ್ಟು ಬರುವ ಬಾವಿಗಳು ಮತ್ತು ಅವುಗಳ ಬಾಯಿಯ ಸುತ್ತ ಎತ್ತಿಹಾಕಿದ ಮಣ್ಣಿನ ಉಂಗುರ. ಒಂದೇ ಬಾವಿ ನೋಡಿ ಕರೇಜ್ ಎನ್ನಬೇಡಿ. ಕನಿಷ್ಠ ಮೂರು ಒಂದೇ ಸಾಲಿನಲ್ಲಿರಬೇಕು, ಸಾಲು ಇಳಿಜಾರಿನ ಕಡೆಗೆ ಬಾಯಿ ತೆರೆಯಬೇಕು. ಒಳಗೆ ಇಳಿಯಲೇಬೇಡಿ. ಗಾಳಿಯಿಲ್ಲದ ತಳ, ಕಳಚುವ ಕಲ್ಲು. ಹಗ್ಗ, ಟಾರ್ಚು ಇವೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು.

## ಹಂತ 9: ಬರೆದು ಒಪ್ಪಿಸುವುದು

ಪ್ರತಿ ಸಾಲಿಗೆ ಒಂದು ಹಾಳೆ: ಸರ್ವೆ ನಂಬರು, ಎರಡೂ ತುದಿಯ ಜಿಪಿಎಸ್ ಅಂಕಿ, ಮೂರು ಕಡೆಯ ಅಗಲ, ಇಳಿಜಾರು, ನೋಡಿದ ದಿನಾಂಕ, ಹೊಲದಲ್ಲಿದ್ದ ಬೆಳೆ, ಕೊನೆಯ ಮಳೆಯಾಗಿ ಎಷ್ಟು ದಿನ. ಬೆಳೆ ಮತ್ತು ಮಳೆ ಬರೆಯದ ಹಾಳೆಯನ್ನು ಇನ್ನೊಬ್ಬರು ಪರೀಕ್ಷಿಸಲಾಗದು. ಕಂಡದ್ದನ್ನು ಒಂದು ಕಲಮಿನಲ್ಲಿ, ನಿಮ್ಮ ಊಹೆಯನ್ನು ಇನ್ನೊಂದು ಕಲಮಿನಲ್ಲಿ ಬರೆಯಿರಿ. ‘ಪೈಪಿನ ಸಾಲೂ ಇರಬಹುದು’ ಎಂಬ ಅನುಮಾನ ಉಳಿದಿದ್ದರೆ ಅದನ್ನೂ ಅಳಿಸದೆ ಬಿಡಿ.

ಒಂದು ಪ್ರತಿ ಹೊಲದ ಮಾಲೀಕರಿಗೆ, ಇನ್ನೊಂದು ಪುರಾತತ್ವ ಇಲಾಖೆಯ ಕಚೇರಿಗೆ. ಮಾಲೀಕರಿಗೆ ಕೊಡುವಾಗ ಇದು ಹದ್ದುಬಸ್ತಿನ (ಗಡಿ ಗುರುತಿಸುವ) ನಕ್ಷೆಯಲ್ಲ ಎಂದು ಮೊದಲ ಸಾಲಿನಲ್ಲಿಯೇ ಬರೆದಿರಿ. ಇಲ್ಲದಿದ್ದರೆ ಮುಂದಿನ ಮಳೆಗಾಲದ ಬದುವಿನ ಜಗಳಕ್ಕೆ ನಿಮ್ಮ ಹಾಳೆಯೇ ಸಾಕ್ಷಿಯಾಗಿ ನಿಲ್ಲುತ್ತದೆ, ನೀವೂ ನಿಲ್ಲಬೇಕಾಗುತ್ತದೆ.